ಲಿನಕ್ಸ್ ಡೆಸ್ಕ್‌ಟಾಪಿಗೆ ವೈಫೈ: ಡಾಂಗಲ್, ಕಾರ್ಡ್, ಹಳೇ ರೌಟರ್ – ಯಾವುದು ವಾಸಿ?

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸುವವರು ಪ್ರೊಸೆಸರಿಗೆ ನಾಲ್ಕು ಅಂಗಡಿ ಸುತ್ತುತ್ತಾರೆ. ವೈಫೈ ಡಾಂಗಲ್ (ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ವೈಫೈ ಸಾಧನ) ಮಾತ್ರ ಬಿಲ್ಲಿನ ಕೊನೆಗೆ ‘ಇದೂ ಒಂದು ಇರಲಿ’ ಎಂದು ಸೇರಿಕೊಳ್ಳುತ್ತದೆ. ವಿಂಡೋಸ್ ಹಾಕಿದರೆ ಹೇಗೋ ನಡೆಯುತ್ತದೆ. ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಹಾಕಿದರೆ ಫಜೀತಿ. ಡೊಂಬಿವಲಿ, ಠಾಣೆ ಕಡೆಯ ಫ್ಲ್ಯಾಟುಗಳಲ್ಲಿ ರೌಟರ್ ಹಾಲಿನಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವಂತಿಲ್ಲ. ಅಂಥ ಕಡೆ ಹಾಕಿ ನೋಡಿದ ನಾಲ್ಕು ದಾರಿಗಳಿವು.

ಮೊದಲು ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕೊಳ್ಳಬೇಡಿ, ಒಳಗಿನ ಚಿಪ್ ಯಾವುದೆಂದು ನೋಡಿ. ಟಿಪಿ-ಲಿಂಕ್ ಟಿಎಲ್-ಡಬ್ಲ್ಯುಎನ್722ಎನ್ ಒಂದೇ ಹೆಸರಿನಲ್ಲಿ ಬಂದರೂ ಮೊದಲ ಆವೃತ್ತಿಯಲ್ಲಿ ಅಥೆರಾಸ್ ಎಆರ್9271 ಇತ್ತು, ಎರಡನೆಯದರಲ್ಲಿ ರಿಯಲ್‌ಟೆಕ್ 8188ಇಯುಎಸ್ ಬಂತು. ಮೊದಲನೆಯದು ಚುಚ್ಚಿದ ಕೂಡಲೇ ನಡೆಯುತ್ತದೆ, ಎರಡನೆಯದು ಹಳೆಯ ಕರ್ನಲ್‌ಗಳಲ್ಲಿ (ಕರ್ನಲ್ ಎಂದರೆ ಲಿನಕ್ಸಿನ ತಿರುಳು) ಗೋಳು ಹೊಯ್ದುಕೊಳ್ಳುತ್ತದೆ.

ರಿಯಲ್‌ಟೆಕ್ 8811ಸಿಯು / 8821ಸಿಯು ಡಾಂಗಲ್

ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅತಿ ಹೆಚ್ಚು ಕಾಡುವುದೂ ಇದೇ. ಚುಚ್ಚಿ ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಆದೇಶ) ಕೊಟ್ಟರೆ ಬಹಳ ಸಲ 0ಬಿಡಿಎ:1ಎ2ಬಿ ಎಂಬ ಐಡಿ ಬರುತ್ತದೆ, ಪಕ್ಕದಲ್ಲಿ ‘ಆರ್‌ಟಿಎಲ್8188ಜಿಯು’ ಎಂಬ ಹೆಸರು. ಆ ಹೆಸರು ನಂಬಿ 8188ಜಿಯು ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹುಡುಕಿದವರ ದಿನ ಹಾಳು. ಡಾಂಗಲ್ ಆಗ ವೈಫೈ ಆಗಿಯೇ ಇರುವುದಿಲ್ಲ. ವಿಂಡೋಸ್ ಡ್ರೈವರ್ ತುಂಬಿಕೊಂಡ ಸಿಡಿ ಡ್ರೈವಿನ ವೇಷದಲ್ಲಿರುತ್ತದೆ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, ಅದೇ ಐಡಿಯನ್ನು ಕೆಡಬ್ಲ್ಯು ಆಯ್ಕೆಯ ಜೊತೆ ಕೊಟ್ಟರೆ ವೇಷ ಕಳಚಿ ಐಡಿ ಸಿ811 ಅಥವಾ ಸಿ820 ಆಗುತ್ತದೆ. ಪ್ರತಿ ಬೂಟಿಗೂ ಇದೇ ಪಾಡು ಬೇಡವೆಂದರೆ ಯುಡೆವ್ ನಿಯಮ (ಸಾಧನ ಕಂಡ ಕೂಡಲೇ ತಾನಾಗಿ ನಡೆಯುವ ಆದೇಶ) ಬರೆದಿಡಬೇಕು.

ಮುಂದಿನದು ಕರ್ನಲ್ ಮೇಲೆ ನಿಂತಿದೆ. ಈ ಚಿಪ್‌ಗಳ ಡ್ರೈವರ್ ಕರ್ನಲ್ 6.2ರಿಂದ ಒಳಗೇ ಇದೆ. ಉಬುಂಟು 24.04ರದ್ದು 6.8, ಹಾಗಾಗಿ ಚಿಂತೆಯಿಲ್ಲ. ಡೆಬಿಯನ್ 12ರದ್ದು 6.1, ಕೂದಲೆಳೆಯಲ್ಲಿ ತಪ್ಪಿತು. ಅಲ್ಲಿ ಹೊರಗಿನ ಡ್ರೈವರ್ ತಂದು ಡಿಕೆಎಂಎಸ್‌ನಲ್ಲಿ (ಕರ್ನಲ್ ಬದಲಾದಾಗೆಲ್ಲ ಡ್ರೈವರನ್ನು ಮತ್ತೆ ಕಟ್ಟುವ ಏರ್ಪಾಡು) ಕಟ್ಟುವ ಬದಲು ಬ್ಯಾಕ್‌ಪೋರ್ಟ್ಸ್ ಕರ್ನಲ್ (ಹಳೆಯ ಆವೃತ್ತಿಗೆಂದು ಡೆಬಿಯನ್ ಕೊಡುವ ಹೊಸ ಕರ್ನಲ್) ಹಾಕುವುದೇ ಮೇಲು. ಹೊರಗಿನ ಡ್ರೈವರಿನ ಜೊತೆ ಮೂರು ಕಾಟ: ಕರ್ನಲ್ ಅಪ್‌ಡೇಟ್ ಆಗಿ ಅದರ ಹೆಡರ್ಸ್ (ಡ್ರೈವರ್ ಕಟ್ಟಲು ಬೇಕಾದ ಕಡತಗಳು) ಬರದಿದ್ದರೆ ಮಾರನೆಯ ಬೆಳಿಗ್ಗೆ ವೈಫೈ ಮಾಯ; ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶ ತಡೆಯುವ ಏರ್ಪಾಡು) ಇದ್ದು ಕೀ ನೋಂದಾಯಿಸದಿದ್ದರೆ ಡ್ರೈವರಿನ ಮಾಡ್ಯೂಲ್ ಲೋಡ್ ಆಗದು; ಮುಂದೆ ಹೊಸ ಕರ್ನಲ್‌ಗೆ ಹೋದರೆ ಒಳಗಿನದೂ ಹೊರಗಿನದೂ ಒಂದೇ ಡಾಂಗಲಿಗೆ ಕಿತ್ತಾಡುತ್ತವೆ, ಒಂದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ ಲೋಡ್ ಆಗದಂತೆ ತಡೆಯಬೇಕು. ಒಳಗಿನ ಡ್ರೈವರಿನಲ್ಲಿ ಸಂಪರ್ಕ ಆಗಾಗ ತುಂಡಾದರೆ ನೆಟ್‌ವರ್ಕ್‌ಮ್ಯಾನೇಜರಿನಲ್ಲಿ ವೈಫೈ ಪವರ್‌ಸೇವ್ ಮೌಲ್ಯವನ್ನು 2 ಮಾಡಿ; ಅಂದರೆ ಬಂದ್.

ನೆಟ್ ಇಲ್ಲದೆ ಪ್ಯಾಕೇಜ್ ತರುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಮನೆಯ ವೈಫೈಗೆ ಸೇರಿಸಿ, ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹುತೇಕ ಫೋನುಗಳು ವೈಫೈಯನ್ನೇ ದಾಟಿಸುತ್ತವೆ, ಡೇಟಾ ಖರ್ಚಾಗದು.

ಮೀಡಿಯಾಟೆಕ್ 7612ಯು ಡಾಂಗಲ್

ಬೆಲೆ ಜಾಸ್ತಿ, ಹುಡುಕಬೇಕು, ಆದರೆ ಡೆಬಿಯನ್ 12, ಉಬುಂಟು 22.04 ಎರಡರಲ್ಲೂ ಡ್ರೈವರ್ ಮೊದಲೇ ಇದೆ. ಡೆಬಿಯನ್‌ನಲ್ಲಿ ಫರ್ಮ್‌ವೇರ್ (ಚಿಪ್ಪಿನೊಳಗೆ ನಡೆಯುವ ತಂತ್ರಾಂಶ) ಪ್ಯಾಕೇಜ್ ಇದೆಯೇ ನೋಡಿಕೊಳ್ಳಿ, ಅಷ್ಟೇ. ಎರಡು ಆಂಟೆನಾ, 80 ಮೆಗಾಹರ್ಟ್ಸ್ ಅಗಲದ ಚಾನೆಲಿನಲ್ಲಿ 867 ಎಂಬಿಪಿಎಸ್ ಲಿಂಕ್. 8811ಸಿಯುಗೆ 433 ಮಾತ್ರ. ಕೆಲವು ಯುಎಸ್‌ಬಿ 3 ಪೋರ್ಟುಗಳಲ್ಲಿ ತಡವರಿಸಿದರೆ ಅದರ ಡ್ರೈವರಿನ ಎಂಟಿ76 ಯುಎಸ್‌ಬಿ ಮಾಡ್ಯೂಲಿಗೆ ‘ಡಿಸೇಬಲ್ ಯುಎಸ್‌ಬಿ ಎಸ್‌ಜಿ’ ಆಯ್ಕೆ 1 ಕೊಡಿ.

ಯಾವ ಡಾಂಗಲ್ ಆದರೂ ಕ್ಯಾಬಿನೆಟ್ಟಿನ ಬೆನ್ನಿಗೆ ಚುಚ್ಚಬೇಡಿ: ತಗಡು ಸಿಗ್ನಲ್ ತಡೆಯುತ್ತದೆ, ಯುಎಸ್‌ಬಿ 3 ಸಾಧನಗಳ ಗದ್ದಲ 2.4 ಗಿಗಾಹರ್ಟ್ಸನ್ನು ಕೆಡಿಸುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲಿಡಿ.

ಇಂಟೆಲ್ ಎಎಕ್ಸ್210, ಪಿಸಿಐಇ ಕಾರ್ಡಿನ ಮೇಲೆ

ಮದರ್‌ಬೋರ್ಡಿನಲ್ಲಿ ಖಾಲಿ ಪಿಸಿಐಇ ಸ್ಲಾಟ್ (ಕಾರ್ಡು ಸಿಕ್ಕಿಸುವ ಜಾಗ) ಇದ್ದವರಿಗೆ ನಮ್ಮ ಮತ ಇದಕ್ಕೇ. ಕರ್ನಲ್ 5.10ರಿಂದ ಬೆಂಬಲವಿದೆ. ಕೌಂಟರಿನಲ್ಲಿ ‘211 ಹೊಸದು, ಅದನ್ನೇ ತಗೊಳ್ಳಿ’ ಎಂದರೆ ಬೇಡವೆನ್ನಿ. ನೋಡಲು ಎರಡೂ ಒಂದೇ ಥರ, ಆದರೆ ಎಎಕ್ಸ್211 ಸಿಎನ್‌ವಿಐ ನಮೂನೆಯದು. ಅದರ ಅರ್ಧ ಕೆಲಸ ಇಂಟೆಲ್ ಪ್ರೊಸೆಸರ್, ಚಿಪ್‌ಸೆಟ್ ಕಡೆಯೇ ಇರುತ್ತದೆ. ಎಎಂಡಿ ಬೋರ್ಡಿನಲ್ಲಾಗಲಿ ಪಿಸಿಐಇ ಕಾರ್ಡಿನ ಮೇಲಾಗಲಿ ಅದು ಜೀವ ತಳೆಯುವುದೇ ಇಲ್ಲ.

ಕಾರ್ಡಿನ ಬ್ಲೂಟೂತ್ ಪಿಸಿಐಇ ಮೂಲಕ ಬರುವುದಿಲ್ಲ; ಜೊತೆಗಿರುವ ಸಣ್ಣ ಕೇಬಲನ್ನು ಮದರ್‌ಬೋರ್ಡಿನ ಒಂಬತ್ತು ಪಿನ್ನಿನ ಯುಎಸ್‌ಬಿ 2.0 ಹೆಡರಿಗೆ ಹಾಕಬೇಕು. ಒಂದೇ ಹೆಡರ್ ಇದ್ದು ಮುಂದಿನ ಪೋರ್ಟುಗಳು ಅದನ್ನು ಹಿಡಿದಿದ್ದರೆ ಯಾವುದಾದರೊಂದನ್ನು ಬಿಡಿ. ಆಂಟೆನಾ ತಂತಿಯ ತುದಿ ಎಳ್ಳಿಗಿಂತ ಸ್ವಲ್ಪ ದೊಡ್ಡದು. ನೇರ ಮೇಲಿಟ್ಟು ಉಗುರಿನಿಂದ ಒತ್ತಿದರೆ ‘ಟಿಕ್’ ಎನ್ನುತ್ತದೆ. ಓರೆಯಾಗಿ ಒತ್ತಿದರೆ ಉಂಗುರ ಬಾಗಿ ಮತ್ತೆ ಕೂರುವುದಿಲ್ಲ. ಅರೆಬರೆ ಕೂತರೂ ಅದೇ ಕೋಣೆಯ ರೌಟರ್ ಕಾಣುತ್ತದೆ, ಹಾಲಿನದು ಕಾಣುವುದಿಲ್ಲ. ಜನ ಡ್ರೈವರನ್ನು ಬೈಯುತ್ತಾರೆ. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶ ತೋರಿಸುವ ಆದೇಶ) ‘ನೋ ಸೂಟಬಲ್ ಫರ್ಮ್‌ವೇರ್ ಫೌಂಡ್’ ಎಂದಿದ್ದರೆ ಮಾತ್ರ ತಪ್ಪು ಸಾಫ್ಟ್‌ವೇರಿನದು. ಡೆಬಿಯನ್‌ನಲ್ಲಿ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ ಹಾಕಿ ರೀಬೂಟ್ ಮಾಡಿ.

ಹಳೇ ರೌಟರ್, ಲ್ಯಾನ್ ಕೇಬಲ್

ಹಿತ್ತಲ ಗಿಡ ಮದ್ದಲ್ಲವಲ್ಲ, ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮೂಲೆಯಲ್ಲಿ ಬಿದ್ದ ರೌಟರಿನಲ್ಲಿ ಕ್ಲಯಂಟ್ ಅಥವಾ ಡಬ್ಲ್ಯುಐಎಸ್‌ಪಿ ಮೋಡ್ ಇದ್ದರೆ ಅದು ಮನೆಯ ವೈಫೈ ಹಿಡಿದು ಕೇಬಲಿನಲ್ಲಿ ಕೊಡುತ್ತದೆ. ಕಂಪ್ಯೂಟರಿಗೆ ವೈಫೈ ಡ್ರೈವರೇ ಬೇಡ. ಯಾವ ಲಿನಕ್ಸ್ ಹಾಕಿದರೂ ಇನ್‌ಸ್ಟಾಲ್ ಹೊತ್ತಿನಿಂದಲೇ ನೆಟ್ ಇರುತ್ತದೆ. ಪೋರ್ಟ್ 100 ಎಂಬಿಪಿಎಸ್‌ನದಾದರೆ ವೇಗ ಅಲ್ಲಿಗೇ ನಿಲ್ಲುತ್ತದೆ, ಡಬ್ಲ್ಯುಐಎಸ್‌ಪಿಯಲ್ಲಿ ಹಾಲಿನ ಪ್ರಿಂಟರ್ ತಾನಾಗಿ ಕಾಣುವುದಿಲ್ಲ. ಎರಡೂ ರೌಟರುಗಳ ವಿಳಾಸ 192.168.1.1 ಆಗಿದ್ದರೆ ಲಿಂಕ್ ಬಂದರೂ ನೆಟ್ ಬರದು. ಹಳೆಯದರ ವಿಳಾಸವನ್ನು ಮೊದಲೇ 192.168.5.1 ಮಾಡಿ, ಆಮೇಲೆ ಮೋಡ್ ಬದಲಿಸಿ.