ಫಿಟ್‌ನೆಸ್ ಬ್ಯಾಂಡ್, ಎರಡು ವರ್ಷದ ಬಳಕೆಯ ನಂತರ: ಕ್ಯಾಲೊರಿ ಲೆಕ್ಕ ನಂಬಬೇಡಿ, ಟೈಮರ್ ನಂಬಿ

ಒಣಗಿದ ಅಡಿಕೆ ಸುಲಿಯಲು ಜಗಲಿಯಲ್ಲಿ ಕೂತರೆ ಸಾಕು, ನಾನು ಎಲ್ಲಿಗೋ ನಡೆದು ಹೊರಟಿದ್ದೇನೆ ಎಂದು ನನ್ನ ಬ್ಯಾಂಡ್ ತೀರ್ಮಾನ ಮಾಡಿಬಿಡುತ್ತದೆ. ಕತ್ತಿಗೆ ಒತ್ತು, ತಿರುಗಿಸು, ಸಿಪ್ಪೆ ಸೀಳು, ಬುಟ್ಟಿಗೆ ಹಾಕು; ಕೈಯ ಈ ತಾಳವೆಲ್ಲ ಅದಕ್ಕೆ ಹೆಜ್ಜೆ. ಒಂದು ಗೋಣಿ ಮುಗಿಯುವಾಗ ಸಾವಿರಾರು ಹೆಜ್ಜೆ, ಅದಕ್ಕೆ ತಕ್ಕಷ್ಟು ಕ್ಯಾಲೊರಿ, ಸಾಲದ್ದಕ್ಕೆ ಪರದೆಯ ಮೇಲೆ ಪಟಾಕಿ ಹಾರಿಸಿ ಗುರಿ ತಲುಪಿದ್ದಕ್ಕೆ ಅಭಿನಂದನೆ. ನಾನು ಮಣೆ ಬಿಟ್ಟು ಎದ್ದಿರುವುದೇ ಇಲ್ಲ.

ಅದೇ ನಮ್ಮ ಯಜಮಾನರು ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಕಾರ್ಬನ್ ಫೈಬರ್ ದೋಟಿ ಹಿಡಿದು, ಕತ್ತು ಮೇಲೆತ್ತಿ ಹೊತ್ತಿಡೀ ತೋಟದಲ್ಲಿ ನಿಂತರೆ ಅವರ ಬ್ಯಾಂಡ್‌ನ ಲೆಕ್ಕದಲ್ಲಿ ಅದು ವಿಶ್ರಾಂತಿ. ತುಂಬ ಹೊತ್ತು ಸುಮ್ಮನಿದ್ದೀರಿ, ಎದ್ದು ಸ್ವಲ್ಪ ಓಡಾಡಿ ಎಂದು ಅದು ಮಧ್ಯಾಹ್ನ ಬುದ್ಧಿ ಹೇಳಿದ್ದನ್ನು ಅವರು ಇನ್ನೂ ಕ್ಷಮಿಸಿಲ್ಲ. ಅವರದ್ದು ಬೇರೆ ಕಂಪನಿಯದ್ದು, ಹಾಗಾಗಿ ಇದು ಒಂದು ಕಂಪನಿಯ ಮೇಲಿನ ದೂರಲ್ಲ.

ಪರದೆ, ಬ್ಯಾಟರಿ, ನೀರು ತಾಗಿದರೆ ಏನು ಎಂಬುದೆಲ್ಲ ಖರೀದಿಯ ಪುಟದಲ್ಲೇ ಇದೆ, ಮತ್ತೆ ಬರೆಯುವುದಿಲ್ಲ. ನನ್ನದು ಮೂರು ಸಾವಿರದೊಳಗಿನದ್ದು. ಅದಕ್ಕಿಂತ ಮೇಲೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷವೂ ನಮ್ಮಲ್ಲಿ ದುಡ್ಡು ಹೋಗುವುದು ಮೊದಲು ಪಂಪಿಗೆ, ಆಮೇಲೆ ಮನುಷ್ಯರಿಗೆ. ಸಕ್ಕರೆ ಸ್ವಲ್ಪ ಮೇಲಿದೆ, ನಾಲ್ಕೈದು ಕಿಲೋ ಇಳಿಸಿ ಎಂದು ಡಾಕ್ಟರು ಹೇಳಿದ್ದರು. ಎಷ್ಟು ಕರಗಿತು ಎಂದು ಕಣ್ಣಿಗೆ ಕಂಡರೆ ಹುರುಪು ಬಂದೀತು ಎಂದು ತೆಗೆದುಕೊಂಡೆ. ಅಂದರೆ ಕ್ಯಾಲೊರಿಗಾಗಿಯೇ ಕೊಂಡದ್ದು. ಅದಕ್ಕೇ ಇಷ್ಟು ಸಿಟ್ಟು.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಬೆಳಿಗ್ಗೆ ತೋಟದ ದಾರಿಯಿಂದ ಹತ್ತಿ, ಮುರಕಲ್ಲಿನ ಪಾರೆ ದಾಟಿ, ಭಜನಾ ಮಂದಿರದವರೆಗೆ ಹೋಗಿ ಬರುವುದು ನನ್ನ ನಡಿಗೆ. ಹೆಚ್ಚುಕಡಿಮೆ ಒಂದು ಗಂಟೆ. ಬ್ಯಾಂಡ್ ಇದಕ್ಕೆ 310, 320, ಸೆಕೆಯ ದಿನ 350 ಕ್ಯಾಲೊರಿ ಎನ್ನುತ್ತದೆ. ಮೊದಲ ಕೆಲವು ತಿಂಗಳು ಆ ಅಂಕಿ ನೋಡುವಾಗ ಖುಷಿಯಾಗುತ್ತಿತ್ತು. ಆದರೆ ತೂಕದ ಯಂತ್ರಕ್ಕೆ ಈ ಖುಷಿ ಗೊತ್ತೇ ಇರಲಿಲ್ಲ. ಮಾಸ್ತರಿಕೆ ಮಾಡಿದವಳು, ಲೆಕ್ಕ ಸರಿಬರದಿದ್ದರೆ ನಿದ್ದೆ ಬರುವುದಿಲ್ಲ. ಪುಸ್ತಕ ತೆಗೆದು ಕೂತೆ.

ನಡಿಗೆ, ಗುಡಿಸುವುದು, ಅಗೆಯುವುದು, ಪ್ರತಿಯೊಂದಕ್ಕೂ ಮೆಟ್ ಎಂಬ ಒಂದು ಅಳತೆಯಿದೆ. ಸುಮ್ಮನೆ ಕೂತಿರುವುದು 1 ಮೆಟ್, ಅಂದರೆ ದೇಹದ ಒಂದು ಕಿಲೋಗೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ. ಸಮತಟ್ಟಿನಲ್ಲಿ ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆದರೆ ಸುಮಾರು 3.5. ನನ್ನದು 64 ಕಿಲೋ. ಗುಣಿಸಿದರೆ 224. ಇದರಲ್ಲಿ ಅರವತ್ತರಷ್ಟು ನಾನು ಆ ಗಂಟೆ ಕುರ್ಚಿಯಲ್ಲಿ ಕೂತು ಪೇಪರ್ ಓದಿದ್ದರೂ ಖರ್ಚಾಗುತ್ತಿತ್ತು. ನಡೆದದ್ದಕ್ಕೆಂದು ಹೆಚ್ಚಾಗಿ ಕರಗಿದ್ದು 160ರ ಆಸುಪಾಸು. ಬ್ಯಾಂಡ್ ಹೇಳಿದ್ದು ಅದರ ಹತ್ತಿರ ಹತ್ತಿರ ಎರಡು ಪಟ್ಟು.

ನ್ಯಾಯಕ್ಕೆ ಇದನ್ನೂ ಹೇಳಬೇಕು: ನನ್ನ ದಾರಿ ಸಮತಟ್ಟಲ್ಲ. ಪಾರೆಗೆ ಹತ್ತುವಾಗ ಮೊಣಕಾಲಿಗೆ ಗೊತ್ತಾಗುವ ಏರು ನನ್ನ ಬ್ಯಾಂಡ್‌ಗೆ ಗೊತ್ತಾಗುವುದಿಲ್ಲ, ಎತ್ತರ ಅಳೆಯುವ ಸಾಧನ ಅದರಲ್ಲಿಲ್ಲ. ಹಾಗಾಗಿ ಅಲ್ಲಿ ಅದು ಕಮ್ಮಿ ಹೇಳುತ್ತಿರಲೂಬಹುದು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಮ್ಮಿ. ಎಲ್ಲಿ ಎಷ್ಟು ಎಂದು ನಮಗೆ ತಿಳಿಯುವ ದಾರಿ ಇಲ್ಲದಿರುವುದೇ ತಲೆಬಿಸಿ. ಎಲ್ಲಾ ದಿನ ಒಂದೇ ರೀತಿ ತಪ್ಪು ಹೇಳಿದ್ದರೆ ಕಳೆದುಕೊಂಡಾದರೂ ಓದಬಹುದಿತ್ತು.

ಮತ್ತೊಂದು ಪರೀಕ್ಷೆ ನೀವೂ ಮನೆಯಲ್ಲಿ ಮಾಡಬಹುದು. ಆ್ಯಪ್‌ಗೆ ಹೋಗಿ ನಿಮ್ಮ ತೂಕವನ್ನು ಹತ್ತು ಕಿಲೋ ಹೆಚ್ಚು ಬರೆಯಿರಿ. ಮರುದಿನ ಅದೇ ದಾರಿ, ಅದೇ ಹೊತ್ತು. ನನ್ನದು ಎಗರಿ ಕೂತಿತು! ಕೈಗೆ ಕಟ್ಟಿದ ಪಟ್ಟಿ ನಿಮ್ಮನ್ನು ಅಳೆಯುತ್ತಿಲ್ಲ, ನೀವು ಬರೆದುಕೊಟ್ಟ ತೂಕ, ವಯಸ್ಸು, ಎತ್ತರಕ್ಕೆ ಕೈಯ ಅಲುಗಾಟ ಮತ್ತು ನಾಡಿಬಡಿತ ಸೇರಿಸಿ ಒಂದು ಸೂತ್ರದಲ್ಲಿ ಹಾಕುತ್ತಿದೆ. ಮನೆಯಲ್ಲಿ ಎಷ್ಟು ಬಲ್ಬು ಇದೆ ಎಂದು ಕಿಟಕಿಯಿಂದ ಇಣುಕಿ ಕರೆಂಟ್ ಬಿಲ್ ಬರೆದ ಹಾಗೆ.

ಮೀಟರ್ ಎನ್ನುವುದು ಬೇರೆಯೇ ಇದೆ. ಪ್ರಯೋಗಾಲಯದಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ, ನೀವು ಎಷ್ಟು ಆಮ್ಲಜನಕ ಎಳೆದುಕೊಂಡಿರಿ, ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟಿರಿ ಎಂದು ನೋಡುತ್ತಾರೆ. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು ಐದು ಕ್ಯಾಲೊರಿ ಖರ್ಚಾಯಿತೆಂದು ಲೆಕ್ಕ. ದಿನಗಟ್ಟಲೆ ಓಡಾಡುವವರನ್ನು ಅಳೆಯಲು ಭಾರದ ಹೈಡ್ರೋಜನ್, ಭಾರದ ಆಮ್ಲಜನಕ ಇರುವ ನೀರು ಕುಡಿಸಿ, ಒಂದೆರಡು ವಾರ ಮೂತ್ರ ಪರೀಕ್ಷೆ ಮಾಡುವ ಕ್ರಮವೂ ಇದೆ. ನಮ್ಮ ಬ್ಯಾಂಡ್‌ನಲ್ಲೂ ಆಮ್ಲಜನಕ ಶೇ. 97 ಎಂದು ತೋರಿಸುತ್ತದಲ್ಲ ಎನ್ನಬೇಡಿ. ಅದು ರಕ್ತದಲ್ಲಿ ಎಷ್ಟು ತುಂಬಿದೆ ಎಂಬ ಅಂದಾಜು, ದೇಹ ಎಷ್ಟು ಬಳಸಿತು ಎಂಬುದಲ್ಲ.

ಹಸಿರು ಬೆಳಕು ಹಾಯಿಸಿ ನಾಡಿ ಎಣಿಸುವುದರಲ್ಲಿ ಮಾತ್ರ ಈ ಬ್ಯಾಂಡ್‌ಗಳು ಪರವಾಗಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಗ ಚಾಲ್ತಿಯಲ್ಲಿದ್ದ ಏಳು ಬಗೆಯ ಬ್ಯಾಂಡ್ ಮತ್ತು ವಾಚುಗಳನ್ನು 60 ಜನರ ಮೇಲೆ ಪರೀಕ್ಷಿಸಿ ಪ್ರಕಟಿಸಿದ್ದರು. ಏಳರಲ್ಲಿ ಆರು ನಾಡಿಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಗೆ ಬಂದಾಗ ಎಲ್ಲಕ್ಕಿಂತ ಉತ್ತಮವಾದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತು, ಕೊನೆಯದ್ದು ಶೇ. 93. ಅದರಲ್ಲಿ ನಮ್ಮ ಬೆಲೆಗಿಂತ ಎಷ್ಟೋ ಪಟ್ಟು ದುಬಾರಿಯವೂ ಇದ್ದವು. ಆ ಮಾದರಿಗಳೆಲ್ಲ ಹಳತಾಗಿವೆ, ಸೂತ್ರಗಳು ಸುಧಾರಿಸಿರಬಹುದು. ಆದರೂ ಹತ್ತು ಸಾವಿರ ಹೆಚ್ಚು ಹಾಕಿದರೆ ಕ್ಯಾಲೊರಿ ಕರಾರುವಾಕ್ಕು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಂಬಲಿಕ್ಕಿಲ್ಲ.

ನಮ್ಮ ಕರಾವಳಿಗೆ ಇನ್ನೊಂದು ಪ್ರಾರಬ್ಧ, ಸೆಕೆ. ಏಪ್ರಿಲ್‌ನಲ್ಲಿ ಬೆವರು ಆರುವುದೇ ಇಲ್ಲ. ಮೈ ತಣಿಸಲು ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳಬೇಕು, ಅದಕ್ಕೆ ಹೃದಯ ಬೇಗ ಬೇಗ ಬಡಿಯುತ್ತದೆ. ಕೆಲಸ ಅಷ್ಟೇ, ಆಮ್ಲಜನಕದ ಖರ್ಚೂ ಹೆಚ್ಚುಕಡಿಮೆ ಅಷ್ಟೇ, ಬಡಿತ ಮಾತ್ರ ಜಾಸ್ತಿ. ಬ್ಯಾಂಡ್‌ಗೆ ಕಾಣುವುದು ಬಡಿತ. ನಾನು ಕಷ್ಟಪಟ್ಟು ನಡೆದೆ ಎಂದು ಅದು ಕ್ಯಾಲೊರಿ ಏರಿಸುತ್ತದೆ. ಸೆಕೆಯ ದಿನದ 350 ಎಲ್ಲಿಂದ ಬಂತೆಂದು ಆಗ ಅರ್ಥವಾಯಿತು. ಡಿಸೆಂಬರಿನ ಮಂಜಿಗೆ ಇನ್ನೂ ಬಿರುಸಾಗಿ ನಡೆದರೂ ಅಷ್ಟು ಕೊಡುವುದಿಲ್ಲ.

ಬೆಳಿಗ್ಗೆ ಆರಕ್ಕೆ ಆ್ಯಪ್ ತೆರೆದರೆ ಆಗಲೇ 300 ಕ್ಯಾಲೊರಿ ಖರ್ಚು ಎಂದು ಇರುತ್ತದಲ್ಲ, ಅದನ್ನು ನೋಡಿ ಹಿಗ್ಗುವವರಿದ್ದಾರೆ. ಅದು ಉಸಿರಾಡಿದ್ದರ ಲೆಕ್ಕ. ವೈದ್ಯರು, ಆಹಾರ ತಜ್ಞರು ಬಳಸುವ ಮಿಫ್ಲಿನ್ ಸೂತ್ರದ ಪ್ರಕಾರ 47 ವರ್ಷದ, 158 ಸೆಂ.ಮೀ. ಎತ್ತರದ, 64 ಕಿಲೋ ತೂಕದ ಹೆಂಗಸಿಗೆ ಏನೂ ಮಾಡದಿದ್ದರೂ ದಿನಕ್ಕೆ ಸುಮಾರು 1230 ಬೇಕು. ಮಧ್ಯರಾತ್ರಿಯಿಂದ ಆರು ಗಂಟೆಗೆ ಕಾಲು ಭಾಗ ಆಗಲೇಬೇಕಲ್ಲ. ತೊಂದರೆ ಇರುವುದು ಊಟ ಬರೆದಿಡುವ ಇನ್ನೊಂದು ಆ್ಯಪ್ ಜೋಡಿಸಿದಾಗ. ಉಸಿರಾಟದ ಖರ್ಚು ಅಲ್ಲಿ ಮೊದಲೇ ಸೇರಿರುತ್ತದೆ, ನಡಿಗೆಯ 310ರೊಳಗೆ ಅದೇ ಇನ್ನೊಮ್ಮೆ ಬರುತ್ತದೆ, ಕೊನೆಗೆ ಇಷ್ಟು ತಿನ್ನಲು ಬಾಕಿ ಇದೆ ಎಂದು ಉದಾರವಾಗಿ ತೋರಿಸುತ್ತದೆ.

ಆ ಬಾಕಿಯನ್ನು ವಸೂಲಿ ಮಾಡುವವರು ನಮ್ಮ ಮನೆಯಲ್ಲೇ ಇದ್ದಾರೆ. ಸಂಜೆ ಪೇಟೆಯಿಂದ ಬರುವಾಗ ಗೋಳಿಬಜೆಯ ಕಟ್ಟು. ಯಾಕೆ ಎಂದರೆ ಕೈ ಮುಂದೆ ಚಾಚಿ ಬ್ಯಾಂಡ್ ತೋರಿಸುತ್ತಾರೆ, ಇವತ್ತು ಇಷ್ಟು ಕರಗಿದೆ ಎಂದು. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ. ನನ್ನ ಒಂದು ಗಂಟೆಯ ನಡಿಗೆಯ ಬಹುಪಾಲು ಒಂದು ಚಮಚದಲ್ಲಿ ಮುಗಿಯಿತು. ಗೋಳಿಬಜೆ ಸುತ್ತಿದ ಪೇಪರನ್ನು ದೀಪಕ್ಕೆ ಹಿಡಿದು ತೋರಿಸಿದೆ, ಆಚೆಯ ಅಕ್ಷರ ಓದುವಷ್ಟು ಎಣ್ಣೆ. ಅವರು ಅದರಲ್ಲಿದ್ದ ಹಳೆಯ ಸುದ್ದಿ ಓದಿದರು.

ಕಂಪನಿಯ ಗ್ರಾಹಕ ಸೇವೆಗೂ ಬರೆದು ನೋಡಿದೆ. ಅಡಿಕೆ ಸುಲಿಯುವುದನ್ನು ಇಂಗ್ಲಿಷಿನಲ್ಲಿ ವಿವರಿಸುವುದೇ ಒಂದು ವ್ಯಾಯಾಮ. ಬ್ಯಾಂಡ್ ರೀಸೆಟ್ ಮಾಡಿ, ಪಟ್ಟಿ ಬಿಗಿಯಾಗಿ ಕಟ್ಟಿ ಎಂದು ಉತ್ತರ ಬಂತು. ಬಿಗಿಯಾಗಿ ಕಟ್ಟಿದೆ. ಹೆಜ್ಜೆ ಇನ್ನೂ ಚೆನ್ನಾಗಿ ಬಿತ್ತು.

ಇಷ್ಟೆಲ್ಲ ಆದ ಮೇಲೆ ಮಾರಿಬಿಡುವ ಯೋಚನೆ ಇತ್ತು. ಉಳಿಸಿದ್ದು ಪಂಪು.

ತೋಟ ಇರುವವರಿಗೆ ಗೊತ್ತಿರುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ಕೆರೆ ತುಂಬುವುದು ನಿಧಾನಕ್ಕೆ, ವೋಲ್ಟೇಜ್ ಸರಿಯಾಗಿರುವುದು ನಸುಕಿಗೆ. ಜನವರಿಯಿಂದ ಮಳೆ ಬೀಳುವವರೆಗೆ ನಾಲ್ಕಕ್ಕೆ ಎದ್ದು ಸ್ವಿಚ್ ಹಾಕಬೇಕು, ಗಂಟೆಗೊಮ್ಮೆ ಹೋಗಿ ಒಂದು ಗೇಟ್‌ವಾಲ್ವ್ ಮುಚ್ಚಿ ಇನ್ನೊಂದು ತೆರೆಯಬೇಕು. ಮೊದಲು ಮೊಬೈಲ್ ಅಲಾರಂ ಇಡುತ್ತಿದ್ದೆವು. ಅದು ಹೊಡೆದುಕೊಂಡರೆ ಅತ್ತೆ ಏಳುತ್ತಾರೆ, ನಾಯಿ ಬೊಗಳುತ್ತದೆ, ಪರೀಕ್ಷೆಗೆ ಓದಿ ಆಗಷ್ಟೇ ಮಲಗಿದ ಮಗಳು ಗೊಣಗುತ್ತಾಳೆ, ಎಚ್ಚರವಾಗದಿರುವುದು ಯಜಮಾನರಿಗೆ ಮಾತ್ರ. ಈಗ ಮಣಿಕಟ್ಟಿನಲ್ಲಿ ಎರಡು ಸಲ ಸಣ್ಣಗೆ ಗುರ್ ಎನ್ನುತ್ತದೆ, ನನಗೊಬ್ಬಳಿಗೇ. ಚಿಲಕ ಸದ್ದಾಗದಂತೆ ತೆಗೆದು, ಟಾರ್ಚ್ ಹಿಡಿದು ಇಳಿಯುತ್ತೇನೆ. ಸ್ವಿಚ್ ಒತ್ತಿದ ಮೇಲೆ ಪೈಪಿನೊಳಗೆ ಗಾಳಿ ಕೆಮ್ಮಿ ಕೆಮ್ಮಿ ಹೋಗಿ, ಮೊದಲ ಸ್ಪ್ರಿಂಕ್ಲರ್ ಟಕ್ ಟಕ್ ಎಂದು ತಿರುಗಲು ಶುರುವಾಗುವವರೆಗೆ ಅಲ್ಲೇ ನಿಲ್ಲಬೇಕು. ಶುರುವಾಯಿತೆಂದರೆ ಬ್ಯಾಂಡ್‌ನಲ್ಲಿ ಒಂದು ಗಂಟೆಯ ಟೈಮರ್ ಒತ್ತಿ ಒಳಗೆ ಬಂದು ಕಾಫಿ ಇಟ್ಟು ಕೂರುತ್ತೇನೆ. ದನದ ಕೊಟ್ಟಿಗೆಯಲ್ಲಿರಲಿ, ದೋಸೆ ಕಾವಲಿಯ ಎದುರಿರಲಿ, ಹೊತ್ತಿಗೆ ಸರಿಯಾಗಿ ಕೈ ಗುರ್ ಎನ್ನುತ್ತದೆ, ವಾಲ್ವ್ ಬದಲಿಸಿ ಬರುತ್ತೇನೆ. ಒಂದೇ ಭಾಗಕ್ಕೆ ಹೊಳೆಯಷ್ಟು ನೀರು ಹೋಗಿ ಆಚೆ ಬದಿಯ ಸಸಿ ಬಾಡುವುದು ನಿಂತಿದೆ. ಹೊಸ ಸಸಿಗಳೆಲ್ಲ ಉಳಿದವು. ಬ್ಯಾಂಡ್‌ನ ದುಡ್ಡು ಅಲ್ಲಿಗೇ ಬಂತು.

ಇನ್ನೊಂದು ಕಾಣದೇ ಸಿಕ್ಕಿದ ಲಾಭ, ನಿದ್ದೆಯ ಹೊತ್ತಿನ ನಾಡಿಬಡಿತ. ಕೈ ಅಲುಗುವುದಿಲ್ಲ, ಸೆಕೆಯೂ ಕಮ್ಮಿ, ಹಾಗಾಗಿ ಆ ಅಂಕಿ ಸ್ಥಿರ. ಕಳೆದ ಮಳೆಗಾಲದಲ್ಲಿ ಅದು ಇದ್ದಕ್ಕಿದ್ದಂತೆ ಏರಿತು, ಮರುದಿನವೇ ಜ್ವರ. ರೋಗ ಯಾವುದೆಂದು ಅದು ಹೇಳುವುದಿಲ್ಲ, ಡಾಕ್ಟರ ಹತ್ತಿರ ಹೋಗಬೇಕಾದದ್ದು ತಪ್ಪುವುದಿಲ್ಲ. ಆದರೆ ಅಂಥ ದಿನ ಗುಡ್ಡೆ ಹತ್ತದೆ ಮನೆಯಲ್ಲೇ ಇರುತ್ತೇನೆ. ನಡಿಗೆ ನಿಯಮಿತವಾದ ಮೇಲೆ ವರ್ಷದಲ್ಲಿ ಆ ಬಡಿತ ಮೆಲ್ಲಗೆ ಕೆಳಗೂ ಇಳಿದಿದೆ. ತೂಕವೂ ಸ್ವಲ್ಪ ಇಳಿಯಿತು, ಕ್ಯಾಲೊರಿ ನೋಡುವುದು ಬಿಟ್ಟು ರಾತ್ರಿ ಅನ್ನದ ಬದಲು ಕುಚ್ಚಲಕ್ಕಿ ಗಂಜಿ ತೆಳ್ಳಗೆ ಮಾಡಿಕೊಂಡ ಮೇಲೆ.

ಸಂದೇಶ ಓದುವ ಆಸೆಯಿಂದ ಕೊಳ್ಳುವವರು ಗಮನಿಸಿ: ವಾಟ್ಸ್‌ಆ್ಯಪ್‌ನಲ್ಲಿ ಬಂದ ಕನ್ನಡ ನನ್ನ ಬ್ಯಾಂಡ್‌ನಲ್ಲಿ ಬರೀ ಚೌಕ ಚೌಕ. ಮಲಯಾಳವೂ ಚೌಕವೇ. ಕಾಸರಗೋಡಿನಲ್ಲಿ ಎರಡೂ ಭಾಷೆಯನ್ನು ಸರಿಸಮಾನವಾಗಿ ನಡೆಸಿಕೊಂಡದ್ದು ಇದೊಂದೇ ಇರಬೇಕು.

ಕ್ಯಾಲೊರಿಯ ಪುಟವನ್ನು ಪರದೆಯಿಂದಲೇ ತೆಗೆದುಹಾಕಿದ್ದೇನೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಅದಕ್ಕೆ ಅವಕಾಶ ಇದೆ. ಆ ಜಾಗದಲ್ಲಿ ಟೈಮರ್ ಬಂದಿದೆ. ಸುಲಿಯಲು ಕೂರುವಾಗ ಬ್ಯಾಂಡ್ ಬಿಚ್ಚಿ ಕಿಟಕಿಯ ಮೇಲೆ ಇಡುತ್ತೇನೆ. ತೂಕ ಇಳಿಸಲು ಲೆಕ್ಕ ಬೇಕೆಂದು ಕೊಳ್ಳುವವರಿಗೆ ಎರಡು ಸ್ಟಾರ್, ತೋಟ ಇರುವವರಿಗೆ ನಾಲ್ಕು. ಒಂದು ಸ್ಟಾರ್ ಕಳೆದದ್ದು ಪಟ್ಟಿಗೆ: ಮಳೆಗಾಲದಲ್ಲಿ ಅದರಡಿಯ ಚರ್ಮ ಒದ್ದೆಯಾಗಿಯೇ ಇದ್ದು ತುರಿಕೆ ಏಳುತ್ತದೆ. ಇನ್ನೊಂದು ಬಟ್ಟೆಯ ಪಟ್ಟಿ ಮೊದಲೇ ತೆಗೆದಿಡಿ, ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಒಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗುವಾಗ ಇನ್ನೊಂದು ಕೈಗೆ.