ಹತ್ತು ದಿನಗಳ ವಿಪಶ್ಯನ ಶಿಬಿರ: ಹೊಸಬರ ದೃಷ್ಟಿಯಿಂದ

ಬೌದ್ಧ ಧರ್ಮದತ್ತ ಹೊಸದಾಗಿ ಬರುವ ಅನೇಕರನ್ನು ಸೆಳೆಯುವುದು ಮನಸ್ಸಿನ ಗದ್ದಲ ತಗ್ಗೀತೆಂಬ ಆಸೆ. ಬರ್ಮಾದ ಧ್ಯಾನಗುರು ಸಯಾಜಿ ಊ ಬಾ ಖಿನ್ ಅವರಿಂದ ಕಲಿತ ಸತ್ಯನಾರಾಯಣ ಗೋಯೆಂಕಾ ಅವರು 1969ರಿಂದ ಭಾರತದಲ್ಲಿ ಕಲಿಸತೊಡಗಿದ ವಿಪಶ್ಯನ ಧ್ಯಾನದ ಈ ಶಿಬಿರ ಆ ಆಸೆಯನ್ನು ಗೌರವದಿಂದ ಕಾಣುತ್ತದೆ. ಮತಾಂತರದ ಮಾತಿಲ್ಲ, ಶುಲ್ಕವೂ ಇಲ್ಲ. ಹಿಂದೆ ಶಿಬಿರ ಪೂರೈಸಿದವರ ದಾನದಿಂದಲೇ ಖರ್ಚು ಸಾಗುತ್ತದೆ.

ಮೊದಲ ಮೂರು ದಿನ ಸಹಜ ಉಸಿರನ್ನಷ್ಟೇ ಗಮನಿಸುವ ಆನಾಪಾನ ನಡೆದು, ನಾಲ್ಕನೆಯ ದಿನದಿಂದ ದೇಹದ ಸಂವೇದನೆಗಳನ್ನು ರಾಗದ್ವೇಷವಿಲ್ಲದೆ ನೋಡುವ ವಿಪಶ್ಯನದ ಅಭ್ಯಾಸ ಆರಂಭವಾಗುತ್ತದೆ. ಕುಳಿತಲ್ಲೇ ಮಂಡಿಯ ನೋವು ಏರಿ, ಬದಲಾಗಿ, ಇಳಿಯುವುದನ್ನು ಸಾಕ್ಷಿಯಂತೆ ಕಂಡಾಗ ಅನಿತ್ಯವೆಂಬ ಬೋಧನೆ ಕೇಳಿದ ಮಾತಾಗಿ ಉಳಿಯದೆ ಸ್ವಂತ ಅನುಭವವಾಗುತ್ತದೆ; ಶಿಬಿರದ ನಿಜವಾದ ಹಿರಿಮೆ ಇದೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಆದರೆ ಇದು ವಿಶ್ರಾಂತಿಯ ತಾಣವಲ್ಲ. ನಸುಕಿನ 4 ಗಂಟೆಗೆ ಏಳಬೇಕು, ದಿನಕ್ಕೆ ಸುಮಾರು 10 ಗಂಟೆ ಧ್ಯಾನಿಸಬೇಕು. ಇತರರೊಡನೆ ಮಾತು, ಸನ್ನೆ ಏನೂ ಇಲ್ಲದ ಆರ್ಯಮೌನದ ಜೊತೆಗೆ ಫೋನ್, ಓದು, ಬರಹಗಳನ್ನೂ ಬಿಡಬೇಕು. ಗಂಭೀರ ಮಾನಸಿಕ ಕಾಯಿಲೆಯಿರುವವರು ಮೊದಲು ವೈದ್ಯರನ್ನು ಕೇಳಲೇಬೇಕು. ಝೆನ್ ಅಥವಾ ಟಿಬೆಟಿನ ಬೌದ್ಧ ಪರಂಪರೆಗಳನ್ನು ಅರಿಯಬಯಸುವವರಿಗೆ ಇಲ್ಲಿ ಅದು ದೊರೆಯದು. ಅವರು ಆಯಾ ಪರಂಪರೆಯ ಗುರುಗಳನ್ನೇ ಹುಡುಕುವುದು ಒಳ್ಳೆಯದು.