ಒಂದೇ ಆಸ್ತಮಾ, ಮೂರು ದೇಶ: ಸರ್ಕಾರದ ಕೈ ಎಲ್ಲಿರಬೇಕು?

ಆರೋಗ್ಯದಲ್ಲಿ ಸರ್ಕಾರ ಎಷ್ಟು ತಲೆ ಹಾಕಬೇಕು ಅನ್ನೋ ಮಾತು ಬಂದರೆ ಜನ ಎರಡು ಬಣ ಆಗಿಬಿಡುತ್ತಾರೆ. ನನಗೆ ಚಿಕ್ಕಂದಿನಿಂದ ಆಸ್ತಮಾ. ಕೆಲಸದ ಮೇಲೆ ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೂರರಲ್ಲೂ ಇದ್ದು ಇದೇ ಕಾಯಿಲೆಗೆ ಔಷಧಿ ತಗೊಂಡಿದ್ದೇನೆ. ನನ್ನ ವೋಟು ಜರ್ಮನಿಗೆ. ಯಾಕೆ ಅಂತ ಹೇಳುತ್ತೇನೆ.

ಇಂಗ್ಲೆಂಡಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಸರ್ಕಾರದ್ದೇ. 1948ರಲ್ಲಿ ಶುರುವಾದ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಬಹುಪಾಲು ತೆರಿಗೆ ದುಡ್ಡಲ್ಲಿ ನಡೆಯುತ್ತೆ. ಹತ್ತಿರದ ಜಿಪಿ (ಮೊದಲು ನೋಡೋ ಸಾಮಾನ್ಯ ಡಾಕ್ಟರು) ಕ್ಲಿನಿಕ್‌ನಲ್ಲಿ ಹೆಸರು ಬರೆಸಿದರೆ ಆಯ್ತು. ವರ್ಷಕ್ಕೊಮ್ಮೆ ಅಲ್ಲಿನ ನರ್ಸ್ ಕರೆದು, ಉಸಿರು ಎಷ್ಟು ಜೋರಾಗಿ ಬಿಡುತ್ತೀವಿ ಅಂತ ಅಳೆಯೋ ಪೀಕ್ ಫ್ಲೋ ಮೀಟರ್ ಊದಿಸಿ, ಇನ್ಹೇಲರ್ ಹೇಗೆ ಎಳೀತೀರಿ ತೋರಿಸಿ ಅನ್ನುತ್ತಿದ್ದರು. ಇದು ಸಣ್ಣ ವಿಷಯ ಅಲ್ಲ. ಸರಿಯಾಗಿ ಎಳೆಯದಿದ್ದರೆ ಔಷಧಿ ಬಾಯಿ, ಗಂಟಲಲ್ಲೇ ಕೂತುಬಿಡುತ್ತೆ, ಎಷ್ಟು ಒಳ್ಳೇ ಇನ್ಹೇಲರ್ ಆದರೂ ವೇಸ್ಟ್. ರಾತ್ರಿ ಉಸಿರು ಕಟ್ಟಿ ಎಮರ್ಜೆನ್ಸಿಗೆ ಓಡಿದಾಗ ಕೂಡಲೇ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡೋ ನೆಬ್ಯುಲೈಸರ್ ಹಾಕಿದರು, ಬಿಲ್ಲಿನ ಮಾತೇ ಇಲ್ಲ. ಆದರೆ ತಜ್ಞರ ಹತ್ತಿರ ಹೋಗಿ ಅಂತ ಬರೆದುಕೊಟ್ಟ ಮೇಲೆ ಕಾಯೋದು ಇದೆಯಲ್ಲ, ಸಾಕುಸಾಕಾಗಿ ಹೋಗುತ್ತೆ. 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋ ಗುರಿ ವರ್ಷಗಳಿಂದ ಈಡೇರಿಲ್ಲ. ಎಲ್ಲವೂ ಪುಕ್ಕಟೆ ಅಂತಲೂ ಅಲ್ಲ. ಇಂಗ್ಲೆಂಡಿನಲ್ಲಿ ಔಷಧಿ ಚೀಟಿಗೆ ಶುಲ್ಕ ಇದೆ, ಕಾಯಿಲೆ ನೋಡಿ ವಿನಾಯಿತಿ ಕೊಡೋ ಪಟ್ಟಿಯಲ್ಲಿ ಆಸ್ತಮಾ ಇಲ್ಲ. ಪಕ್ಕದ ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಆ ಶುಲ್ಕವೇ ಇಲ್ಲ! ಇದು ಅನ್ಯಾಯ ಅಲ್ವಾ?

ಜರ್ಮನಿಯಲ್ಲಿ ಸರ್ಕಾರ ಮಾಲೀಕ ಅನ್ನೋದಕ್ಕಿಂತ ನಿಯಮ ಹಾಕೋನು. ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ, 1883ರಲ್ಲಿ ಬಂದ ವ್ಯವಸ್ಥೆ. ಸುಮಾರು 90% ಜನ ಸಾರ್ವಜನಿಕ ವಿಮಾ ನಿಧಿಗಳಲ್ಲಿದ್ದಾರೆ, ಯಾವ ನಿಧಿ ಬೇಕೋ ಆರಿಸಿಕೊಳ್ಳಬಹುದು. ಮೂಲ ಕಂತು ಸಂಬಳದ 14.6%, ಅದರ ಮೇಲೆ ಆಯಾ ನಿಧಿಯ ಹೆಚ್ಚುವರಿ. ಅದರಲ್ಲಿ ಅರ್ಧ ಕೆಲಸ ಕೊಟ್ಟ ಕಂಪನಿ ಕಟ್ಟುತ್ತೆ. ಸಂಬಳದ ಚೀಟಿ ನೋಡಿದಾಗ ಹೊಟ್ಟೆ ಉರಿಯುತ್ತೆ, ನಿಜ. ಆದರೆ ಶ್ವಾಸಕೋಶದ ಡಾಕ್ಟರು ನನಗೆ ಇಂಗ್ಲೆಂಡಿಗಿಂತ ಎಷ್ಟೋ ಬೇಗ ಸಿಕ್ಕರು. ಚೀಟಿಯ ಔಷಧಿಗೆ ಕೈಯಿಂದ ಕೊಡೋದು ಸಾಮಾನ್ಯವಾಗಿ 5ರಿಂದ 10 ಯೂರೋ. ದೀರ್ಘಕಾಲದ ಕಾಯಿಲೆ ಅಂತ ಒಪ್ಪಿಸಿಕೊಂಡರೆ ಇಂಥ ಖರ್ಚು ವರ್ಷದ ಆದಾಯದ 1% ದಾಟಿದ ಮೇಲೆ ಕಟ್ಟಬೇಕಿಲ್ಲ. ನನ್ನಂಥವರಿಗೆ ಆ ಒಂದು ನಿಯಮ ಎಷ್ಟು ಧೈರ್ಯ ಕೊಡುತ್ತೆ ಅಂದರೆ, ಔಷಧಿ ಉಳಿಸೋಕೆ ಡೋಸ್ ಬಿಡೋ ಯೋಚನೆಯೇ ಬರಲ್ಲ.

ಅಮೆರಿಕದಲ್ಲಿ ಡಾಕ್ಟರು ಬೇಗ ಸಿಕ್ಕರು, ಸಮಾಧಾನವಾಗಿ ಮಾತಾಡಿಸಿದರು. ಕಷ್ಟ ಶುರುವಾಗಿದ್ದು ಆಮೇಲೆ. ಜನವರಿಯಲ್ಲಿ ನನ್ನ ವಿಮಾ ಕಂಪನಿ ಔಷಧಿ ಪಟ್ಟಿ ಬದಲಿಸಿತು, ನನಗೆ ಒಗ್ಗಿದ್ದ ಇನ್ಹೇಲರ್ ಅದರಲ್ಲಿಲ್ಲ. ಡಾಕ್ಟರು ಬೇಕು ಅಂದರೂ ಕಂಪನಿಯ ಮುಂಗಡ ಒಪ್ಪಿಗೆ ಬೇಕು. ಫೋನು, ಫಾರ್ಮು, ಮತ್ತೆ ಫೋನು. ಡಿಡಕ್ಟಿಬಲ್, ಅಂದರೆ ವಿಮೆ ದುಡ್ಡು ಕೊಡೋಕೆ ಶುರು ಮಾಡೋ ಮುಂಚೆ ನಾವೇ ಕಟ್ಟಬೇಕಾದ ಮೊತ್ತ, ಮುಗಿಯೋವರೆಗೆ ಹೆಚ್ಚಿನ ಖರ್ಚು ನನ್ನದೇ. ಅಲ್ಲಿ ಸರ್ಕಾರ ಇಲ್ಲ ಅಂತಲ್ಲ. 1965ರಿಂದ ವಯಸ್ಸಾದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಇವೆ. ಮೊದಲೇ ಕಾಯಿಲೆ ಇದೆ ಅಂತ ವಿಮೆ ನಿರಾಕರಿಸಬಾರದು ಅನ್ನೋ ರಕ್ಷಣೆ 2010ರ ಕಾನೂನಿಂದ ಬಂತು. ಆದರೆ ನನ್ನಂಥ ನೌಕರರಿಗೆ ಯಾವ ಇನ್ಹೇಲರ್ ಸಿಗಬೇಕು ಅನ್ನೋದು ಕೊನೆಗೂ ವಿಮಾ ಕಂಪನಿ ಕೈಯಲ್ಲೇ.

ದುಡಿಯೋ ವಯಸ್ಸಲ್ಲಿ, ದಿನಾ ಔಷಧಿ ಬೇಕಿರೋರಿಗೆ ಜರ್ಮನಿಯೇ ಮೇಲು. ಕೈಯಲ್ಲಿ ಕಾಸಿಲ್ಲದ ಹೊತ್ತಲ್ಲಿ ಕಾಯಿಲೆ ಬಂದರೆ ನಾನು ಇಂಗ್ಲೆಂಡ್‌ನಲ್ಲಿರೋಕೆ ಇಷ್ಟಪಡುತ್ತೇನೆ. ಅಮೆರಿಕಕ್ಕೆ ಹೋಗೋರಿದ್ದರೆ ಸಂಬಳದ ಜೊತೆ ವಿಮೆಯ ಔಷಧಿ ಪಟ್ಟಿಯನ್ನೂ ಕೇಳಿ ತರಿಸಿಕೊಳ್ಳಿ, ನಿಮ್ಮ ಔಷಧಿಯ ಹೆಸರು ಅದರಲ್ಲಿದೆಯಾ ನೋಡಿ, ಆಮೇಲೆ ಸಹಿ ಹಾಕಿ.